ಸುಣ್ಣದ ಬೆರಳು

ಬೆರಳು ಯಾರದು ಎಂಬುದು ಶಿವಲೀಲಾಗೆ ಬೆಳಗಿನ ತಿಂಡಿಗೆ ಮುಂಚೆಯೇ ಖಾತ್ರಿಯಾಗಿತ್ತು. ಅದನ್ನು ಯಾವ ಮಾತಿನಲ್ಲಿ ಹೇಳುವುದು ಎನ್ನುವುದಷ್ಟೇ ಬಾಕಿ ಇತ್ತು. ಹಿತ್ತಲ ಒಗೆಯುವ ಕಲ್ಲಿನ ಮೇಲೆ ನೀಲಿ ಹಾಳೆಗಳು ಒಣಗುತ್ತಿದ್ದವು, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದು ಬೆಣಚುಕಲ್ಲು. ತಾನೇ ಕಾಗದಕ್ಕೆ ಮದ್ದು ಬಳಿದು, ತಾನೇ ಕತ್ತಲೆ ಕೋಣೆಯಲ್ಲಿ ಒಣಗಿಸಿ, ತಾನೇ ಬಿಸಿಲುಹಾಳೆ ಎಂದು ಹೆಸರಿಟ್ಟ ಹಾಳೆಗಳು. ಮೇಲೊಂದು ಎಲೆಯನ್ನೋ ಹಕ್ಕಿಪುಕ್ಕವನ್ನೋ ಇಟ್ಟು ಬಿಸಿಲಿಗೆ ಹಿಡಿದು, ನೀರಿನಲ್ಲಿ ಜಾಲಿಸಿದರೆ ಅದರ ನೆರಳು ಬಿಳಿಯಾಗಿ ನಿಂತು ಸುತ್ತ ಗಾಢ ನೀಲಿ ಹರಡುತ್ತದೆ. ಕ್ಯಾಮೆರಾ ಬೇಡ, ಕರೆಂಟು ಬೇಡ. ನ್ಯಾಮತಿಯ ಶಾಲೆಯೊಂದರಿಂದ ವಾಪಸು ಬಂದ ಹಾಳೆಯನ್ನು ಅವಳು ಮತ್ತೊಮ್ಮೆ ಬೆಳಕಿಗೆ ಹಿಡಿದಳು. ಯಾವುದೋ ಹುಡುಗಿ ನುಗ್ಗೆಸೊಪ್ಪಿನ ಎಸಳು ಇಟ್ಟಿದ್ದಾಳೆ. ಒಂದೊಂದು ಎಲೆಯೂ ಕತ್ತರಿಸಿ ಅಂಟಿಸಿದಷ್ಟು ಚೊಕ್ಕ. ಆದರೆ ಬಲಗಡೆಯ ಕೆಳಮೂಲೆಯಲ್ಲಿ, ಯಾರೋ ಸಹಿಗೆ ಬದಲಾಗಿ ಒತ್ತಿದ ಹಾಗೆ, ಒಂದು ಬಿಳಿ ಹೆಬ್ಬೆಟ್ಟು. ಅದರ ಗೆರೆಗಳ ಸುಳಿ ಕೂಡ ಎಣಿಸಬಹುದು. ಮೂಡಿದ್ದು ತಪ್ಪೇ ಆದರೂ ಇಷ್ಟು ನಿಖರವಾಗಿ ಮೂಡಿತಲ್ಲ ಎಂದು ಅವಳಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಆಮೇಲೆ ಹೊಟ್ಟೆಯ ಕೆಳಗೆ ನಿನ್ನೆಯಿಂದ ಕೂತಿದ್ದ ನೋವು ಒಮ್ಮೆ ಹಿಂಡಿತು. ನಡುವಿಗೆ ಕೈಕೊಟ್ಟು ನಿಂತುಕೊಂಡಳು.

ಪ್ರಸನ್ನಕುಮಾರ್ ಇವತ್ತು ಮಧ್ಯಾಹ್ನ ಬರುವವನಿದ್ದ. ಹೊನ್ನಾಳಿಯಲ್ಲಿ ಅಂಗಡಿ ಇಟ್ಟುಕೊಂಡು ಶಾಲೆಗಳಿಗೆ ಗಾಜಿನ ನಳಿಕೆ, ಅಯಸ್ಕಾಂತ, ಭೂಪಟ ಒದಗಿಸುವವನು. ಅವಳ ಹಾಳೆಗಳನ್ನು ನಂಬಿ ಮೊದಲ ಸಲ ಕೈಗೆ ತೆಗೆದುಕೊಂಡವನೂ ಅವನೇ. ಫೋನಿನಲ್ಲಿ ದನಿ ಏರಿಸಿರಲಿಲ್ಲ. "ಒಂದು ಪ್ಯಾಕೆಟ್ಟಾದ್ರೆ ಯಾವುದೋ ಮಗಿನ ಕೈ ಅನ್ಬೋದು ಮೇಡಂ. ಒಡೆದಿದ್ರಾಗೆಲ್ಲಾ ಐತೆ. ನಿಮ್ಮನೇಲೇ ಯಾರೋ ಬೆರಳಿಟ್ಟವ್ರೆ. ಶನಿವಾರ ಬರ್ತೀನಿ, ಪ್ಯಾಕ್ ಮಾಡೋದು ತೋರಿಸ್ರಿ. ಕಾರಣ ಸಿಕ್ಕಿದ್ರೆ ನಾಲ್ಕೂ ತಾಲ್ಲೂಕಿಗೆ ನಿಮ್ಮ ಹಾಳೇನೇ ಹಾಕ್ತೀನಿ. ಸಿಗ್ಲಿಲ್ಲ ಅಂದ್ರೆ ನನ್ನ ಬೈಕಬ್ಯಾಡ್ರಿ, ಡೆಲ್ಲಿ ಮಾಲು ತರಿಸ್ಕೊಳ್ತೀನಿ." ಡೆಲ್ಲಿ ಮಾಲು ಎಂದಾಗ ಅವಳಿಗೆ ನಗು ಬಂದಿತ್ತು. ಅದನ್ನು ಅವಳು ತರಿಸಿ ನೋಡಿದ್ದಳು. ಪೊಟ್ಟಣ ಒಡೆದು ಒಂದು ಹಾಳೆ ಎಳೆದರೆ ಉಳಿದವೆಲ್ಲ ಬೆಳಕು ಕುಡಿದು ಸಾಯುವಂತಹ ಪ್ಯಾಕಿಂಗು. ತನ್ನದು ಹಾಗಲ್ಲ. ತನ್ನದರಲ್ಲಿ ಬೆರಳೊಂದನ್ನು ಬಿಟ್ಟರೆ ಬೇರೆ ದೋಷವಿಲ್ಲ. ಆ ಬೆರಳಿಗೆ ಏನು ಹತ್ತಿತ್ತು ಎಂದು ತಿಳಿಯಲು ಇವತ್ತು ಬೆಳಗ್ಗೆ ಎದ್ದವಳೇ ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹೊಸ ಹಾಳೆಗಳಿಗೆ ಸವರಿ ಬಿಸಿಲಿಗಿಟ್ಟಿದ್ದಳು. ಉಪ್ಪು ಏನೂ ಮಾಡಲಿಲ್ಲ. ಅರಿಶಿನ ತನ್ನ ಬಣ್ಣ ಬಿಟ್ಟಿತೇ ಹೊರತು ನೀಲಿಯ ತಂಟೆಗೆ ಹೋಗಲಿಲ್ಲ. ಸೋಪು ಸ್ವಲ್ಪ ಮಂಕು ಮಾಡಿತು, ಅಷ್ಟೇ. ಕೊನೆಗೆ, ಬೇಡ ಬೇಡ ಎಂದುಕೊಳ್ಳುತ್ತಲೇ, ಅತ್ತೆಯ ಎಲೆಅಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಕಡ್ಡಿಯ ತುದಿಯಷ್ಟು ಸವರಿದಳು. ನೀರಿಗೆ ಹಾಕಿದ ಕೂಡಲೇ ಅಲ್ಲಿ ನೀಲಿ ಬಿಟ್ಟುಕೊಟ್ಟು ಬಿಳಿ ಎದ್ದಿತು, ಶಾಲೆಯ ಹಾಳೆಯಲ್ಲಿದ್ದ ಅದೇ ಬಿಳಿ. ಕತ್ತಲೆ ಕೋಣೆಯ ಬಾಗಿಲ ಚೌಕಟ್ಟನ್ನು ಆಮೇಲೆ ನೋಡಿದಳು: ಉಳಿದ ಸುಣ್ಣ ಒರೆಸಿದ ಬಿಳಿ ಗೀರುಗಳು, ಒಂದರ ಪಕ್ಕ ಒಂದು, ಭುಜದ ಎತ್ತರಕ್ಕೆ. ಮನೆಯಲ್ಲಿ ಎಲೆಅಡಿಕೆ ಹಾಕುವವರು ಒಬ್ಬರೇ. ಇನ್ನು ಸಾಕ್ಷಿ ಯಾಕೆ.

ಗಂಡ ಯರ್ರಿಸ್ವಾಮಿ ಜಗಳೂರು ಬಸ್ಸಿನ ಡ್ರೈವರು, ಬೆಳಕು ಹರಿಯುವ ಮುಂಚೆ ಡ್ಯೂಟಿಗೆ ಹೋಗಿದ್ದ. ಮಗಳು ಆಶಾ ಶನಿವಾರದ ಬೆಳಗಿನ ಶಾಲೆಗೆ ಸೈಕಲ್ ಏರಿ ಹೋಗುವಾಗ ಒಗೆಯುವ ಕಲ್ಲಿನ ಹತ್ತಿರ ಒಂದು ಕಾಲು ಊರಿ ನಿಂತು ಎಲ್ಲವನ್ನೂ ನೋಡಿದಳು. ಅಡುಗೆಮನೆಯ ಕಡೆಗೊಮ್ಮೆ ನೋಡಿ ದನಿ ಇಳಿಸಿ, "ಅಜ್ಜಿಗೆ ಮುಟ್ಟಬ್ಯಾಡ ಅಂತೀಯಾ ಹಂಗಾರೆ?" ಎಂದಳು.

"ನಿಂದು ನೋಡ್ಕ ಹೋಗು, ಬೆಲ್ ಆಗ್ತೈತೆ."

"ಅಲ್ಲ, ಹೆಂಗೆ ಹೇಳ್ತೀಯ ಅಂತ."

"ಬಾಯಲ್ಲೇ ಹೇಳ್ತೀನಿ. ಹೋಗು."

ಹುಡುಗಿ ಹೋದಳು, ಆ ಮಾತು ಮಾತ್ರ ಕಲ್ಲಿನ ಮೇಲೆ ಉಳಿಯಿತು. ಮುಟ್ಟಬೇಡಿ. ಅದರ ಬದಲು ಬೇರೆ ಏನಾದರೂ ಇದೆಯೇ ಎಂದು ಶಿವಲೀಲಾ ಕಾಗದ ಕತ್ತರಿಸುತ್ತಾ ಹುಡುಕಿದಳು. ಕೈ ಹಚ್ಚಬ್ಯಾಡ್ರಿ ಎಂದರೆ ಕೆಲಸವನ್ನೇ ಶುರು ಮಾಡಬೇಡಿ ಎಂದ ಹಾಗಾಗುತ್ತದೆ. ಕೈ ಇಡಬ್ಯಾಡ್ರಿ ಎಂದರೆ ಕಳ್ಳರಿಗೆ ಹೇಳಿದಂತೆ. ನೀವು ಸುಸ್ತಾಗಿದ್ದೀರಿ, ಇವತ್ತು ಕೂತುಕೊಳ್ಳಿ ಎನ್ನಬಹುದು, ಆದರೆ ಆ ಮುದುಕಿಗೆ ಸುಸ್ತು ಎಂದರೆ ಬೈಗುಳ. ಎಷ್ಟು ತಿರುಗಿಸಿದರೂ ಮಾತು ಅದೇ ಮೊಳೆಗೆ ಬಂದು ಸಿಕ್ಕಿಕೊಳ್ಳುತ್ತಿತ್ತು, ಮುಟ್ಟಬೇಡಿ. ಮತ್ತು ಅವಳು ಒಪ್ಪಿಕೊಳ್ಳಲು ತಡಮಾಡಿದ ಸಂಗತಿಯೆಂದರೆ ಹಾಗೆ ಸಿಕ್ಕಿಕೊಂಡಾಗಲೆಲ್ಲ ಬಾಯಿಯಲ್ಲಿ ಬೆಲ್ಲದ ಚೂರು ಸಿಕ್ಕಂತಾಗುತ್ತಿತ್ತು. ಚನ್ನಗಿರಿಗೆ ಬರುವ ಮುಂಚೆ ಇದ್ದ ಸೊಕ್ಕೆಯ ಹಳ್ಳಿಮನೆಯ ಪಡಸಾಲೆ. ಮದುವೆಯಾದ ಮೊದಲ ಬೇಸಿಗೆ, ಬಳೆಗಾರ ಬಂದು ಬುಟ್ಟಿ ಬಿಚ್ಚಿದ್ದಾನೆ, ಅಕ್ಕಪಕ್ಕದ ಹೆಂಗಸರೆಲ್ಲ ಕೈ ಚಾಚಿ ಕೂತಿದ್ದಾರೆ. ಮೂಲೆಯಲ್ಲಿ ಚಾಪೆಯ ಮೇಲೆ ತಾನು, ಬೇರೆ ತಟ್ಟೆ, ಬೇರೆ ಲೋಟ. ಬೆಕ್ಕು ಹಾರಿ ಉಪ್ಪಿನಕಾಯಿ ಭರಣಿ ವಾಲಿತು. ಯಾರೇ ಆದರೂ ಮಾಡುವಂತೆ ಕೈ ಕೊಟ್ಟು ಹಿಡಿದುಬಿಟ್ಟಳು. ಅತ್ತೆ ದುರುಗಮ್ಮ ಅಡುಗೆಮನೆಯಿಂದ ಬಂದವಳು, "ಮುಟ್ಟಬ್ಯಾಡ!" ಎಂದು ಕೂಗಿದ ದನಿಗೆ ಬಳೆಗಾರನ ಕೈಯಲ್ಲಿದ್ದ ಬಳೆ ಜಾರಿತು. ಆಮೇಲೆ ಭರಣಿ ಎತ್ತಿಕೊಂಡು ಹೋಗಿ, ಎಲ್ಲರೂ ನೋಡುತ್ತಿದ್ದಂತೆ, ಇಡೀ ವರ್ಷದ ಮಾವಿನಕಾಯಿಯನ್ನು ತಿಪ್ಪೆಗೆ ಸುರಿದು ಬಂದಳು. ಬಳೆಗಾರ ಯಾರನ್ನೂ ನೋಡದೆ ಬುಟ್ಟಿ ಕಟ್ಟಿದ. ತನಗೆ ಅವತ್ತು ಹಸಿರು ಗಾಜಿನ ಬಳೆ ತೆಗೆದಿಟ್ಟಿದ್ದ, ಅದನ್ನು ಕೊಡದೇ ಹೋದ. ಇವತ್ತು ಹೊನ್ನಾಳಿಯಿಂದ ಒಬ್ಬ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ಅವನ ಎದುರಿಗೇ ಹೇಳಿದರೆ ಹೇಗೆ? ಶಿವಲೀಲಾ ಕತ್ತರಿ ನಿಲ್ಲಿಸಿದಳು. ತಾನು ಇದನ್ನು ಸುಮ್ಮನೆ ಯೋಚಿಸುತ್ತಿದ್ದೇನೋ, ತಯಾರಿ ಮಾಡಿಕೊಳ್ಳುತ್ತಿದ್ದೇನೋ ತಿಳಿಯಲಿಲ್ಲ. ಇದು ಮಡಿಮೈಲಿಗೆಯಲ್ಲ, ಇದು ರಸಾಯನ, ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಮಾತು ಅಷ್ಟೂ ನಿಜವಾಗಿತ್ತು. ಆದರೂ ಅದನ್ನು ಹೇಳಿದ ಬಾಯಿಯ ಮೇಲೆ ನಂಬಿಕೆ ಬರಲಿಲ್ಲ.

ಕತ್ತಲೆ ಕೋಣೆ ಮೊದಲು ಕಾಳಿನ ಚೀಲ ಇಡುತ್ತಿದ್ದ ಕೋಣೆ. ಕಿಟಕಿಗೆ ತಗಡು ಹೊಡೆದು, ಬಾಗಿಲಿಗೆ ಎರಡು ಪದರ ಕರಿಕಂಬಳಿ ಇಳಿಬಿಟ್ಟು, ಒಳಗೆ ಹಾಳೆಗೆ ಕೇಡು ಮಾಡದಂತಹ ಹಳದಿ ಬಲ್ಬು ಹಾಕಿದ್ದಳು. ಹಸಿರು ಪುಡಿಯನ್ನೂ ಕೆಂಪು ಹರಳನ್ನೂ ಬೇರೆ ಬೇರೆ ನೀರಲ್ಲಿ ಕರಗಿಸಿ ಕೂಡಿಸಿ, ಗೋಡೆಗೆ ಬಣ್ಣ ಹಚ್ಚುವ ಸ್ಪಂಜಿನ ರೋಲರನ್ನು ಅರ್ಧಕ್ಕೆ ಕೊಯ್ದು ಬಳಿದರೆ ಗೆರೆ ಬೀಳದಂತೆ ಕೂರುತ್ತದೆ ಎನ್ನುವುದು ಅವಳೇ ಕಂಡುಕೊಂಡದ್ದು. ಬ್ರಷ್ಷಿನಿಂದ ಮಾಡಿ ಎಷ್ಟು ಕಾಗದ ಹಾಳಾಗಿತ್ತೆಂದು ಅವಳಿಗೆ ಮಾತ್ರ ಗೊತ್ತು. ಪೊಟ್ಟಣಕ್ಕೆ ಬೆಳಕು ನುಗ್ಗದ ಕರಿ ಪ್ಲಾಸ್ಟಿಕ್ ಹುಡುಕುತ್ತಾ ಉಬ್ರಾಣಿ ಕಡೆಯ ನರ್ಸರಿಯೊಂದರಿಂದ ಅಡಿಕೆ ಸಸಿ ಬೆಳೆಸುವ ಚೀಲ ತಂದಳು. ದಪ್ಪ, ಕಪ್ಪು, ಅಗ್ಗ. ಮೊದಲ ಕಂತಿನ ಹಾಳೆಗಳಲ್ಲೆಲ್ಲ ನಕ್ಷತ್ರದ ಸಾಲು ಮೂಡಿಬಂದಾಗ ಅವಳೂ ಯರ್ರಿಸ್ವಾಮಿಯೂ ಬೆಪ್ಪಾಗಿ ಕೂತರು. ನೀರು ಬಸಿಯಲೆಂದು ಸಸಿ ಚೀಲದ ತಳದಲ್ಲಿ ತೂತು ಹೊಡೆದಿರುತ್ತಾರೆ! ಊರಿನ ಚಿಕ್ಕ ಮಗುವಿಗೂ ಗೊತ್ತಿದ್ದ ತೂತು. ಯರ್ರಿಸ್ವಾಮಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡು, ಆಕಾಶದ ಪಾಠಕ್ಕೆ ಮಾರೋಣ" ಎಂದಿದ್ದ. ಅವಳು ನಗಲಿಲ್ಲ, ಮಾರನೆಯ ವಾರವೇ ತೂತು ಹೊಡೆಯುವ ಮುಂಚಿನ ಪ್ಲಾಸ್ಟಿಕ್ ಉರುಳೆಯನ್ನೇ ತರಿಸಿದಳು. ಅವಳ ಸ್ವಭಾವ ಅದು. ಕೆಟ್ಟರೆ ಯಾಕೆ ಕೆಟ್ಟಿತೆಂದು ಒಂದು ಮಾತು ಸಾಕು, ಮುಂದಿನದನ್ನು ಕೈ ತಾನೇ ಮಾಡುತ್ತದೆ.

ಪೊಟ್ಟಣದ ಬಾಯಿ ಮುಚ್ಚುವ ವಿಧಾನ ಮಾತ್ರ ಬಹಳ ದಿನ ಸತಾಯಿಸಿತು. ಅಂಟು ಹಾಕಿದರೆ ಮಕ್ಕಳು ಹರಿಯುತ್ತಾರೆ, ಕ್ಲಿಪ್ಪು ಹಾಕಿದರೆ ಬೆಳಕು ನುಗ್ಗುತ್ತದೆ. ಒಂದು ಹಾಳೆ ಎಳೆದರೆ ಬಾಯಿ ತಾನೇ ಮುಚ್ಚಿಕೊಳ್ಳಬೇಕು. ಒಂದು ಮಧ್ಯಾಹ್ನ ದುರುಗಮ್ಮ ಬಂದವರಿಗೆ ಎಲೆಅಡಿಕೆ ಕೊಡುತ್ತಾ ಕೂತಿದ್ದಳು. ಶಿವಲೀಲಾ ಸುಣ್ಣ ಸವರಿ ಕೊಟ್ಟ ಎಲೆಯ ಎರಡು ಅಂಚು ಒಳಕ್ಕೆ, ಬುಡ ಮೇಲಕ್ಕೆ, ತುದಿ ಆ ಮಡಿಕೆಯೊಳಗೆ ಸಿಕ್ಕಿಸಿ ಒಂದು ಒತ್ತು. ಲವಂಗವಿಲ್ಲ, ದಾರವಿಲ್ಲ, ಆದರೂ ಬಿಚ್ಚಿಕೊಳ್ಳುವುದಿಲ್ಲ. ತನ್ನ ಹಲ್ಲು ಉದುರಿ ಎಷ್ಟೋ ವರ್ಷವಾದರೂ ಅವಳ ಬೆರಳಿಗೆ ಅದು ಮರೆತಿರಲಿಲ್ಲ. ಶಿವಲೀಲಾ ಆ ಒತ್ತನ್ನು ನೋಡಿದಳು, ಎದ್ದುಹೋಗಿ ಕರಿ ಪ್ಲಾಸ್ಟಿಕ್ಕಿನಲ್ಲಿ ಮಾಡಿದಳು, ಆಯಿತು. ಯಾರಿಗೂ ಹೇಳಲಿಲ್ಲ. ಹೇಳದಿರಬೇಕೆಂದೇನೂ ಅಲ್ಲ, ಕೇಳಿದವರಿರಲಿಲ್ಲ. ಪೊಟ್ಟಣ ಮಡಿಸಲು ಅತ್ತೆಯನ್ನು ಕೂರಿಸಿದಾಗ ಸೊಸೆ ತೋರಿಸಿದ್ದನ್ನು ದುರುಗಮ್ಮ ಒಮ್ಮೆ ನೋಡಿ, "ಅಯ್ಯ, ಇದೇನಾ" ಎಂದು ಅಂದಿದ್ದಳು, ಅಷ್ಟೇ. ಅವಳ ಕೈಗೆ ಬೇರೆ ಯಾರ ಕೈಯೂ ಸಾಟಿಯಾಗಲಿಲ್ಲ. ಈಗ ಅದೇ ಕೈಗೆ ಬೇಡ ಎನ್ನಬೇಕು.

ಹಿತ್ತಲ ಬಾಗಿಲಲ್ಲಿ ದುರುಗಮ್ಮ ಮೊರದ ಮುಂದೆ ಕೂತು ನಿಂಬೆಹಣ್ಣು ಹೆಚ್ಚುತ್ತಿದ್ದಳು. ಸಂತೇಬೆನ್ನೂರು ಸಂತೆಯಿಂದ ಯರ್ರಿಸ್ವಾಮಿ ತಂದದ್ದು. ಪಕ್ಕದಲ್ಲಿ ತೊಳೆದು ಬಿಸಿಲಿಗೊಣಗಿಸಿದ ಭರಣಿ. ಸೊಕ್ಕೆಯದೇ ಭರಣಿ, ಕಂದುಬಣ್ಣದ್ದು, ಕುತ್ತಿಗೆಯಲ್ಲಿ ಒಂದು ಬಿರುಕು. ಶಿವಲೀಲಾ ಅದಕ್ಕೆ ತಾಗದಂತೆ ಸುತ್ತಿ ದೂರದಿಂದ ನಡೆದಳು. ಚನ್ನಗಿರಿಯ ಈ ಮನೆಯಲ್ಲಿ ಯಾರೂ ಯಾರನ್ನೂ ಮೂಲೆಗೆ ಕೂರಿಸಿಲ್ಲ, ತಾನು ಯಾವ ದಿನ ಹೇಗಿದ್ದೇನೆಂದು ಅತ್ತೆ ಕೇಳಿಲ್ಲ, ತಾನೂ ಹೇಳಿಲ್ಲ. ಆದರೆ ಉಪ್ಪಿನಕಾಯಿ ಮಾತ್ರ ಅತ್ತೆಯ ಕೆಲಸವಾಗಿಯೇ ಉಳಿದಿತ್ತು. ಬಡಿಸುವಾಗಲೂ ಭರಣಿಗೆ ಸೌಟು ಹಾಕುವುದು ದುರುಗಮ್ಮನೇ. ಅದನ್ನು ಯಾರು ನಿಯಮ ಮಾಡಿದರೋ.

"ಲೀಲಾ, ಒಂದಿಷ್ಟು ಕುಟ್ಟಿ ಕೊಡೆ," ಎಂದಳು ದುರುಗಮ್ಮ ಸಂಚಿಯನ್ನು ನೆಲದ ಮೇಲೆ ತಳ್ಳುತ್ತಾ. "ಬಾಯಿ ಬರಗಾಲ ಬಿದ್ದಂಗೈತೆ."

ಪುಟ್ಟ ಹಿತ್ತಾಳೆ ಕುಟ್ಟಾಣಿಗೆ ಶಿವಲೀಲಾ ಎಲೆ ಹರಿದು ಹಾಕಿದಳು, ಅಡಿಕೆಚೂರು ಹಾಕಿದಳು, ಸುಣ್ಣ ಹಾಕಿದಳು, ಕುಟ್ಟಿದಳು. ಹೇಳಲು ಇದೇ ಹೊತ್ತು. ಯಾರೂ ಇಲ್ಲ. ಅತ್ತೆ, ಸುಣ್ಣ ಬಿದ್ದ ಕಡೆ ನೀಲಿ ನಿಲ್ಲಲ್ಲ, ನೀವು ಹಾಳೆ ಮುಟ್ಟಬ್ಯಾಡ್ರಿ, ಎಂದು ನೇರವಾಗಿ ಹೇಳಿದರೆ ಮುಗಿಯಿತು. ಕುಟ್ಟಾಣಿಯ ಸದ್ದಿನ ಅಡಿಯಲ್ಲಿ ಹೇಳಿಬಿಡಬಹುದು, ಅರ್ಧ ಕೇಳಿದಂತೆ ಅರ್ಧ ಕೇಳದಂತೆ. ಆದರೆ ಸದ್ದು ನಿಂತಿತು, ಕುಟ್ಟಿದ್ದನ್ನು ಎಲೆತುಂಡಿನ ಮೇಲಿಟ್ಟು ಅತ್ತೆಯ ಅಂಗೈಗೆ ಕೊಟ್ಟದ್ದಾಯಿತು.

"ಏನೋ ಹೇಳಾಕೆ ಬಂದೆ," ಎಂದಳು ದುರುಗಮ್ಮ ಬಾಯಿಗೆ ಹಾಕಿಕೊಳ್ಳುತ್ತಾ.

"ಏನಿಲ್ಲತ್ತೆ. ಮಧ್ಯಾಹ್ನ ಹೊನ್ನಾಳಿಯವ್ರು ಬರ್ತಾರೆ."

"ಬರ್ಲಿ. ಅನ್ನ ಜಾಸ್ತಿ ಇಡು."

ಹೇಳಿಬಿಡಬೇಕೆಂದಿದ್ದದ್ದು ಗಂಟಲಲ್ಲೇ ಉಳಿದದ್ದಕ್ಕೆ ಶಿವಲೀಲಾಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬದಲಿಗೆ ಒಂದು ಬಗೆಯ ಸಮಾಧಾನ, ಮಾತು ಇನ್ನೂ ತನ್ನ ಹತ್ತಿರವೇ ಇದೆಯಲ್ಲ ಎಂದು. ಕೈಯನ್ನು ಸೆರಗಿಗೆ ಒರೆಸಿಕೊಂಡು ಕಂಬಳಿ ಸರಿಸಿ ಒಳಗೆ ಹೋದಳು. ಹಳದಿ ಬೆಳಕಿನಲ್ಲಿ ದಾರಕ್ಕೆ ನೇತುಹಾಕಿದ ಹಾಳೆಗಳು ಒಣಗಿ ಅಂಚು ಮುದುರಿದ್ದವು. ಇಳಿಸಿ, ಕಟ್ಟು ಮಾಡಿ, ಮೂಲೆಯಿಂದ ಹೆಬ್ಬೆಟ್ಟಿನಲ್ಲಿ ಒಂದೊಂದೇ ತಳ್ಳುತ್ತಾ ಎಣಿಸಿ ಇಟ್ಟಳು. ಎಣಿಸುವುದನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಒಂದು ಹಾಳೆ ಕಡಿಮೆ ಬಿದ್ದರೂ ಹೆಸರು ತನ್ನದು ಕೆಡುತ್ತದೆ.

ಪ್ರಸನ್ನಕುಮಾರ್ ಊಟದ ಹೊತ್ತು ಮೀರಿಸಿಯೇ ಬಂದ. ಬೊಜ್ಜು ಮೈಯ, ನಿಧಾನ ಮಾತಿನ ಮನುಷ್ಯ, ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಅಜ್ಜೀ, ಆರಾಮಾ?" ಎಂದು ಕೇಳಿ, ಕತ್ತಲೆ ಕೋಣೆಯ ಕುರ್ಚಿಯಲ್ಲಿ ತನ್ನ ಭಾರವನ್ನೆಲ್ಲ ಇಳಿಸಿ ಕೂತ. ಹಳದಿ ಬಲ್ಬಿನಡಿ ಎಲ್ಲರೂ ಕಾಮಾಲೆ ಬಂದವರಂತೆ ಕಾಣುತ್ತಿದ್ದರು. ಶಿವಲೀಲಾ ಎಲ್ಲವನ್ನೂ ತೋರಿಸಿದಳು. ಬಳಿಯುವುದು, ಒಣಗಿಸುವುದು, ತೇವ ಹೀರಲೆಂದು ಪ್ರತಿ ಪೊಟ್ಟಣದಲ್ಲಿ ಹುರಿದ ಅಕ್ಕಿಯ ಸಣ್ಣ ಗಂಟು ಇಡುವುದು. ಮಾತು ತಡವರಿಸಲಿಲ್ಲ. ತನ್ನ ಕೆಲಸದ ಬಗ್ಗೆ ಹೇಳುವಾಗ ಅವಳ ದನಿಗೆ ಬೇರೆಯದೇ ಬೆನ್ನೆಲುಬು ಬರುತ್ತಿತ್ತು. ದುರುಗಮ್ಮ ಚಾಪೆಯ ಮೇಲೆ ಕಾಲು ಚಾಚಿ ಕೂತು ಮಡಿಸಲು ಶುರುಮಾಡಿದಳು. ಎರಡು ಅಂಚು ಒಳಕ್ಕೆ, ಬುಡ ಮೇಲಕ್ಕೆ, ಸಿಕ್ಕಿಸಿ ಒಂದು ಒತ್ತು. ಪ್ರಸನ್ನಕುಮಾರ್ ಒಂದು ಪೊಟ್ಟಣ ಎತ್ತಿ ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿದ. ಬಾಯಿ ತಾನೇ ಕೂಡಿಕೊಂಡಿತು.

"ಅಬ್ಬ. ಯಾರ ತಲೆ ಮೇಡಂ ಇದು?"

"ನಂದೇ," ಎಂದಳು ಶಿವಲೀಲಾ.

ಚಾಪೆಯ ಮೇಲಿನ ಒತ್ತು ಒಂದು ಗಳಿಗೆ ನಿಂತು ಮತ್ತೆ ಮುಂದುವರಿಯಿತು. ಯಾಕೆ ಹಾಗೆ ಹೇಳಿದೆ ಎಂದು ಅವಳಿಗೆ ಆ ಗಳಿಗೆಯಲ್ಲೇ ಅನ್ನಿಸಿತು. ಮಾತು ಹೊರಬಿದ್ದಾಗಿತ್ತು, ಹಿಂದಕ್ಕೆ ಕರೆಯಲು ಬರುವಂಥದ್ದಲ್ಲ, ಮತ್ತು ಅದು ಪೂರ್ತಿ ಸುಳ್ಳೂ ಅಲ್ಲ. ಪ್ರಸನ್ನಕುಮಾರ್ ಜೇಬಿನಿಂದ ಶಾಲೆಯ ಹಾಳೆಯೊಂದನ್ನು ತೆಗೆದು ಮೊಣಕಾಲ ಮೇಲೆ ಬಿಡಿಸಿಟ್ಟ. ನುಗ್ಗೆಯಲ್ಲ, ಇದು ಯಾವುದೋ ಜರಿಗಿಡ. ಮೂಲೆಯಲ್ಲಿ ಅದೇ ಹೆಬ್ಬೆಟ್ಟು.

"ಎಲ್ಲಾ ಚೆನ್ನಾಗೈತೆ. ಇದು ಯಾರ್ದು ಅಂತ ಹೇಳಿಬಿಡ್ರಿ, ನಾ ಹೊರಡ್ತೀನಿ."

ಅವನು ಅದನ್ನು ಎಷ್ಟು ಮೆತ್ತಗೆ ಕೇಳಿದನೆಂದರೆ, ಬಾಗಿಲು ತೆರೆದು ನಿಂತು ಬನ್ನಿ ಎಂದ ಹಾಗಿತ್ತು. ದುರುಗಮ್ಮ ಮುಂದಿನ ಪೊಟ್ಟಣಕ್ಕೆ ಹಾಳೆಯ ಕಟ್ಟಿನ ಕಡೆ ಕೈ ಚಾಚಿದಳು. ಬಳೆಗಾರನ ಬುಟ್ಟಿ, ತಿಪ್ಪೆಯ ಮೇಲೆ ಹೊಳೆಯುತ್ತಿದ್ದ ಎಣ್ಣೆ, ಕೈಯಿಂದ ಜಾರಿದ ಬಳೆಯ ಸದ್ದು. ಅವೆಲ್ಲ ಆ ಚಾಚಿದ ಕೈಯ ಹಿಂದೆ ಬಂದು ನಿಂತವು. ಶಿವಲೀಲಾ ತನ್ನ ದನಿಯನ್ನು ತಾನೇ ಕೇಳಿದಳು.

"ಅತ್ತೆ, ಮುಟ್ಟಬ್ಯಾಡ್ರಿ."

ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತೇನೋ. ದುರುಗಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು, ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು, ಕಾಲನ್ನೂ ಒಳಕ್ಕೆ ಎಳೆದುಕೊಂಡಳು, ಚಾಪೆಯ ಅಂಚಿಗೆ ಸರಿದಳು. ಹೆಂಗಸರಿಗೆ ಮಾತ್ರ ಗೊತ್ತಿರುವ ಆ ಸರಿಯುವಿಕೆ, ಇರುವ ಜಾಗಕ್ಕಿಂತ ಕಡಿಮೆ ಜಾಗದಲ್ಲಿ ಇರುವುದು. ಶಿವಲೀಲಾಗೆ ಅದು ಒಳಗಿನಿಂದ ಗೊತ್ತಿತ್ತು. ಮುದುಕಿ ತಲೆಯೆತ್ತಿದಾಗ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದದ್ದು ಲೆಕ್ಕ ಕೇಳುವ ಕುತೂಹಲ.

"ಎಷ್ಟು ದಿನ?"

ಪ್ರಸನ್ನಕುಮಾರ್‌ಗೆ ಅರ್ಥವಾಗಲಿಲ್ಲ, ಅವನು ಇಬ್ಬರನ್ನೂ ನೋಡಿದ. ಬೆಲ್ಲದ ಚೂರು ಶಿವಲೀಲಾಳ ಬಾಯಿಯಲ್ಲಿ ಕರಗಿ ಹೋಗಿ ಏನೂ ಉಳಿದಿರಲಿಲ್ಲ. "ದಿನದ್ದಲ್ಲತ್ತೆ," ಎಂದಳು ಅವಸರದಿಂದ, "ಸುಣ್ಣದ್ದು. ಸುಣ್ಣ ತಾಗಿದ್ರೆ ನೀಲಿ ಹೋಗ್ತೈತೆ. ಬೆಳಗ್ಗೆ ಪರೀಕ್ಷೆ ಮಾಡಿದೆ. ನಿಮ್ಮ ಎಲೆಅಡಿಕೆ ಸುಣ್ಣ. ಬಾಗ್ಲಿಗೂ ಒರೆಸಿದೀರಿ ನೋಡ್ರಿ, ಸಾಲಾಗಿ."

ದುರುಗಮ್ಮ ಬಾಗಿಲ ಕಡೆ ನೋಡಿದಳು. ಎದ್ದಳು. ಎದ್ದು ನಿಂತರೂ ಅವಳ ನಡು ಪೂರ್ತಿ ನೆಟ್ಟಗಾಗುವುದಿಲ್ಲ, ತಲೆ ಶಿವಲೀಲಾಳ ಎದೆಯವರೆಗೆ ಬರುತ್ತದೆ. ಕಂಬಳಿ ಸರಿಸಿ, ಚೌಕಟ್ಟಿನ ಗೀರುಗಳ ಕೆಳಗೆ ನಿಂತು, ತೋಳನ್ನು ಮೇಲಕ್ಕೆ ಚಾಚಿದಳು. ಬಿಗಿದುಹೋದ ಕೀಲು ತೋಳನ್ನು ಅವಳ ಕಿವಿಯ ಮಟ್ಟದಲ್ಲೇ ತಡೆಯಿತು. ಬೆರಳು ಗೀರಿನ ಹತ್ತಿರಕ್ಕೂ ಹೋಗಲಿಲ್ಲ.

"ನಾನು ಏಣಿ ಹಾಕ್ಕೊಂಡು ಒರೆಸ್ತೀನೇನೆ?" ಎಂದಳು. ಆಮೇಲೆ ನಗುತ್ತಲೂ ಅಲ್ಲ, ಬೈಯುತ್ತಲೂ ಅಲ್ಲ ಎಂಬ ದನಿಯಲ್ಲಿ, "ಹಲ್ಲು ಹೋದಾಗಿಂದ ನಾನು ಸುಣ್ಣದ ಡಬ್ಬಿ ಮುಚ್ಚಳ ತೆಗೆದಿಲ್ಲ ಕಣವ್ವಾ. ಕುಟ್ಟಿ ಕೊಡೋಳು ಯಾರು? ಹಾಳೆ ಅಂದ್ರೆ ಸರಸ್ವತಿ ಅಂತ ನಾನು ತೊಳ್ಕಂಡೇ ಕೂರ್ತೀನಿ. ನೀನು ತೊಳ್ಕಂಡ್ಯಾ?"

ಶಿವಲೀಲಾ ತನ್ನ ಬಲಗೈಯನ್ನು ಹಳದಿ ಬೆಳಕಿಗೆ ಹಿಡಿದಳು. ಹೆಬ್ಬೆಟ್ಟಿನ ಉಗುರಿನ ಸಂದಿಯಲ್ಲಿ ತೆಳ್ಳಗೆ, ಅಮಾವಾಸ್ಯೆ ಕಳೆದ ಚಂದ್ರನ ಹಾಗೆ, ಬಿಳಿ ಗೆರೆ. ಸೆರಗಿಗೆ ಒರೆಸಿದರೆ ಹೋಗದ್ದು. ದಿನಕ್ಕೆಷ್ಟು ಸಲ ಕುಟ್ಟಿದೆ, ಕುಟ್ಟಿ ಉಳಿದದ್ದನ್ನು ಒಳಹೋಗುವಾಗ ಬಾಗಿಲಿಗೆ ಒರೆಸಿದೆ, ಒಳಬಂದು ಮೂಲೆಯಿಂದ ಎಣಿಸಿದೆ. ಎಲ್ಲವನ್ನೂ ಅನುಮಾನಿಸಿದ್ದಳು, ಅರಿಶಿನವನ್ನು, ಸೋಪನ್ನು, ಉಪ್ಪನ್ನು, ಮುದುಕಿಯನ್ನು. ಎಣಿಸುವ ಕೈಯನ್ನು ಮಾತ್ರ ಎಣಿಸಿರಲಿಲ್ಲ. ಪ್ರಸನ್ನಕುಮಾರ್ ಹಾಳೆಯನ್ನು ಮುಂದಕ್ಕೆ ಹಿಡಿದ, ಅವಳು ಕೇಳದಿದ್ದರೂ. ಬಿಳಿ ಹೆಬ್ಬೆಟ್ಟಿನ ನಡುವೆ ಅಡ್ಡಕ್ಕೆ ಒಂದು ಸಣ್ಣ ಗೆರೆ ಸುಳಿಯನ್ನು ತುಂಡರಿಸಿತ್ತು. ಕಾಗದ ಕತ್ತರಿಸುವಾಗ ಆದ ಹಳೆಯ ಗಾಯ, ಅವಳ ಹೆಬ್ಬೆಟ್ಟಿನಲ್ಲಿ ಅದೇ ಜಾಗದಲ್ಲಿತ್ತು. ಬೆಳಗಿನಿಂದ ಎಷ್ಟು ಸಲ ಬೆಳಕಿಗೆ ಹಿಡಿದು ನೋಡಿದ್ದಳು. ಆಗೆಲ್ಲ ಅವಳ ಕಣ್ಣಿಗೆ ಅದು 'ಬೇರೆಯವರ' ಬೆರಳಾಗಿತ್ತು, ಅಷ್ಟೇ.

"ಹಂಗಾರೆ ಯಜಮಾನ್ತಿ ಬೆರಳೇ," ಎಂದ ಪ್ರಸನ್ನಕುಮಾರ್ ಎತ್ತಲೋ ನೋಡುತ್ತಾ. ಬಳೆಗಾರನೂ ಅವತ್ತು ಹೀಗೇ ಎತ್ತಲೋ ನೋಡಿದ್ದ.

ಕಿವಿಯ ತನಕ ಬಿಸಿಯೇರಿತ್ತು. ಆದರೆ ಆ ಬಿಸಿಯ ನಡುವೆಯೇ, ಅವಳ ಅಪ್ಪಣೆಗೆ ಕಾಯದೆ, ತಲೆ ತನ್ನ ಕೆಲಸ ಶುರುಮಾಡಿಬಿಟ್ಟಿತ್ತು. ಯಾಕೆ ಕೆಟ್ಟಿತೆಂದು ಗೊತ್ತಾಯಿತಲ್ಲ. ಸುಣ್ಣಕ್ಕೆ ಎದುರಾಗಿ ಹುಳಿ. ಬೋರಿನ ಗಡಸು ನೀರಲ್ಲಿ ತೊಳೆದ ಹಾಳೆ ಮಂಕಾದಾಗ ನಾಲ್ಕು ಹನಿ ನಿಂಬೆರಸ ಹಾಕಿದರೆ ನೀಲಿ ಎದ್ದು ಬರುವುದನ್ನು ಅವಳೇ ಕಂಡಿದ್ದಳು. ಬಾಗಿಲಲ್ಲಿ ಒಂದು ಬಟ್ಟಲು ಹುಣಸೆನೀರು, ಒಳಬರುವವರು ಯಾರೇ ಆಗಲಿ ಕೈ ಅದ್ದಿ, ತೊಳೆದು, ಒರೆಸಿಯೇ ಬರಬೇಕು, ಮೊದಲು ತಾನು. ಅಷ್ಟನ್ನು ಪ್ರಸನ್ನಕುಮಾರ್‌ಗೆ ಹೇಳಿದಳು. ಹೇಳುತ್ತಲೇ ಹೊರಗಿನಿಂದ ಬೆಳಗಿನ ನೀಲಿ ಹಾಳೆಯೊಂದನ್ನು ತಂದು, ಪೊರಕೆಕಡ್ಡಿಯೊಂದನ್ನು ಸುಣ್ಣಕ್ಕೆ ಅದ್ದಿ, ಜಗಲಿಯ ಬೆಳಕಿನಲ್ಲಿ ಕೂತು ಒಂದು ಎಲೆಯ ನರಗಳನ್ನು ಬರೆದಳು. ಕಡ್ಡಿ ಹೋದಲ್ಲೆಲ್ಲ ನೀಲಿ ಹಿಂದೆ ಸರಿದು ಬಿಳಿಗೆರೆ ಎದ್ದು ನಿಂತಿತು. "ಒಂದು ಚಿಟಿಕೆ ಸುಣ್ಣ, ಒಂದು ಕಡ್ಡಿ, ಬೇರೆ ಪೊಟ್ಟಣ ಮಾಡಿ ಪಕ್ಕಕ್ಕಿಡ್ತೀನಿ. ಮಕ್ಕಳು ನೀಲಿ ಮೇಲೆ ಬಿಳಿ ಬರೀಲಿ. ಡೆಲ್ಲಿಯವ್ರು ಕೊಡ್ತಾರಾ ಇದನ್ನ?"

ಪ್ರಸನ್ನಕುಮಾರ್ ಎಲೆ ಬರೆದ ಹಾಳೆಯನ್ನು ಕೈಗೆತ್ತಿಕೊಂಡ. "ನಿಮ್ಮ ಹತ್ರ ತಪ್ಪು ಹಿಡಿಯಾಕೆ ಬರೋದೂ ಕಷ್ಟ ಮೇಡಂ," ಎಂದ. "ಹೊನ್ನಾಳಿ, ನ್ಯಾಮತಿ ಹೆಂಗೂ ಐತೆ. ಚನ್ನಗಿರಿ, ಜಗಳೂರೂ ಬರ್ಕೊಳ್ರಿ. ಆ ಮಡಿಕೆ ಮಾತ್ರ ಬದಲಾಯಿಸಬ್ಯಾಡ್ರಿ."

"ಅದು ನಂದಲ್ಲ," ಎಂದಳು ಶಿವಲೀಲಾ. ಹೇಳುವುದಕ್ಕೆ ಇಷ್ಟು ಕಡಿಮೆ ಉಸಿರು ಸಾಕೆಂದು ಅವಳಿಗೆ ಗೊತ್ತಿರಲಿಲ್ಲ. "ಅತ್ತೆದು. ಎಲೆ ಮಡಿಸೋದು ನೋಡಿ ಕಲಿತೆ."

ದುರುಗಮ್ಮ ಬಾಗಿಲಿಗೆ ಒರಗಿ ನಿಂತಿದ್ದವಳು, "ಅಯ್ಯ, ಅದೇನು ಮಹಾ," ಎಂದಳು. "ಊಟಕ್ಕೇಳಪ್ಪಾ ನೀನು, ಅನ್ನ ಆರಿ ಕಲ್ಲಾಗ್ತೈತೆ."

ಅವನು ಉಂಡು ಹೋದ ಮೇಲೆ ಹಿತ್ತಲಲ್ಲಿ ಬಿಸಿಲು ಓರೆಯಾಗಿತ್ತು. ಇನ್ನೂ ಅರ್ಧದಷ್ಟು ಪೊಟ್ಟಣ ಬಾಕಿ. ಶಿವಲೀಲಾ ಒಳಕ್ಕೆ ಹೋಗಲು ಕಂಬಳಿಗೆ ಕೈ ಹಾಕಿದಳು. ದುರುಗಮ್ಮ ಮೊಣಕೈ ಅಡ್ಡ ಇಟ್ಟಳು.

"ಎತ್ಲಾಗೆ?"

"ಉಳಿದಿದ್ದು ಮುಗಿಸ್ಬೇಕಲ್ಲ."

"ನಾನು ಮುಗಿಸ್ತೀನಿ. ಎಣಿಸಾಕೂ ಬರ್ತೈತೆ ನಂಗೆ. ನೀನು ಹೊರಗೆ ಕೂತ್ಕ." ಹೊರಗೆ ಎಂಬ ಮಾತನ್ನು ದುರುಗಮ್ಮ ಅಗಿದು ಹೇಳಿದಳು, ಹಲ್ಲಿಲ್ಲದ ಬಾಯಿಯಲ್ಲೇ. ಶಿವಲೀಲಾ ಕೂತಳು. ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ, ಕೈ ಮಡಿಲಲ್ಲಿಟ್ಟುಕೊಂಡು. ಕೂರಬೇಕಾದದ್ದೇ, ಸರಿಯಾಗಿಯೇ ಇದೆ ಎಂದುಕೊಂಡಳು. ಲೆಕ್ಕ ಇಷ್ಟು ಚೊಕ್ಕವಾಗಿ ತಿರುಗಿ ಬಂದು ತನ್ನ ಬಾಗಿಲಲ್ಲೇ ನಿಂತದ್ದಕ್ಕೆ ಅವಳಿಗೆ ನಗುವೂ ಬಂತು. ಆಗ ಬೆನ್ನ ಹಿಂದೆ ನೆಲದ ಮೇಲೆ ಏನೋ ಎಳೆದ ಸದ್ದು. ದುರುಗಮ್ಮ ನಿಂಬೆಹೋಳಿನ ಮೊರವನ್ನು ಅವಳ ಪಕ್ಕಕ್ಕೆ ತಳ್ಳಿದಳು. ಮತ್ತೆ ಹೋಗಿ, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಕಂದುಬಣ್ಣದ ಭರಣಿಯನ್ನು ಅವಳ ಕಾಲ ಹತ್ತಿರ ಇಟ್ಟಳು.

"ಅರ್ಧ ಹೋಳು ಹಿಂಡು, ಅರ್ಧ ಹಂಗೇ ಹಾಕು. ಉಪ್ಪು ಹಾಕಿ ಕೈಯಲ್ಲೇ ಕಲಸ್ಬೇಕು, ಸೌಟಿನಾಗಲ್ಲ. ಹುಳಿಗೆ ಉಗುರಿನ ಸುಣ್ಣಾನೂ ಬಿಡ್ತೈತೆ. ಮೊದ್ಲು ಬಟ್ಲಾಗೆ ಹಿಂಡ್ಕಂಡು ಕೈ ತೊಳ್ಕ, ಆಮ್ಯಾಕೆ ಭರಣಿ."

ಶಿವಲೀಲಾ ಭರಣಿಯ ಕುತ್ತಿಗೆಯ ಬಿರುಕನ್ನು ನೋಡಿದಳು. "ಅತ್ತೆ," ಎಂದಳು, "ನಾನು ಇವತ್ತು..."

"ಗೊತ್ತೈತೆ. ನಿನ್ನೆಯಿಂದ ನಡು ಹಿಡ್ಕಂಡು ಓಡಾಡ್ತೀಯ, ನಂಗೇನು ಕಣ್ಣು ಹೋಗೈತಾ, ಹಲ್ಲು ಹೋಗಿರೋದು." ದುರುಗಮ್ಮ ಆಗಲೇ ಕಂಬಳಿಯತ್ತ ತಿರುಗಿದ್ದಳು. ಒಳಕ್ಕೆ ಬಗ್ಗುವ ಮುಂಚೆ ಒಮ್ಮೆ ನಿಂತಳು, ಈ ಕಡೆ ನೋಡಲಿಲ್ಲ. "ಅವತ್ತು ತಿಪ್ಪೆಗೆ ಸುರಿದಿದ್ರಾಗೆ ಹುಳ ಬಿದ್ದಿರ್ಲಿಲ್ಲ," ಎಂದಳು.

ಕಂಬಳಿ ಬಿದ್ದಿತು. ಒಳಗೆ ಹಾಳೆ ಎಣಿಸುವ ಸಪ್ಪಳ, ನಿಧಾನವಾಗಿ, ಆಮೇಲೆ ಮಡಿಸುವ ಸಪ್ಪಳ. ಶಿವಲೀಲಾ ಬಟ್ಟಲಿಗೆ ಹೋಳು ಹಿಂಡಿ ಉಗುರುಗಳನ್ನು ಒಂದೊಂದಾಗಿ ಉಜ್ಜಿದಳು. ಹೆಬ್ಬೆಟ್ಟಿನ ಬಿಳಿಗೆರೆ ಸಣ್ಣಗೆ ನೊರೆಯಾಗಿ ಹೋಯಿತು, ಗಾಯದ ಗುರುತು ಉಳಿಯಿತು. ಕೈ ತೊಳೆದಳು, ಒರೆಸಿದಳು, ಹೋಳು ಮತ್ತು ಉಪ್ಪನ್ನು ಭರಣಿಗೆ ಸುರಿದಳು. ಅಲ್ಲಿಗೆ ಕೈ ನಿಂತಿತು. ಬೆಳಗಿನಿಂದ ಯಾವುದರಲ್ಲೂ ನಿಲ್ಲದಿದ್ದ ಕೈ ಭರಣಿಯ ಬಾಯಿಯ ಮೇಲೆ ಗಾಳಿಯಲ್ಲಿ ಹಾಗೇ ಇತ್ತು.

"ಏನೇ, ಸದ್ದೇ ಇಲ್ಲ," ಎಂದಿತು ಕಂಬಳಿಯ ಹಿಂದಿನ ದನಿ. "ಮುಟ್ಟು."

ಅವಳು ಮೊಣಕೈವರೆಗೆ ಕೈ ಇಳಿಸಿದಳು. ಎಲ್ಲೋ ಕಾಣದ ಗೀರೊಂದಕ್ಕೆ ನಿಂಬೆರಸ ತಾಗಿ ಚುರುಕ್ಕೆಂದಿತು. ಕೈ ಹಿಂದಕ್ಕೆ ತೆಗೆಯಲಿಲ್ಲ.